ಟಿವಿ ಸುಮ್ಮನಿದ್ದಾಗ

ಆ ಮನೆಗೆ ದೊಡ್ಡ ಟಿವಿ ಬಂದದ್ದು ಕಾಜಮ್ಮನ ಕಣ್ಣಿನ ದೆಸೆಯಿಂದ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಹರೆಯದಿಂದಲೂ ದರ್ಜಿಗಳ ಅಂಗಿಗೆ ಗುಂಡಿ ತೂರುವ ಕಾಜಾ ಹೊಲಿದು, ಗುಂಡಿ ಹಚ್ಚಿ ಕೊಟ್ಟವಳನ್ನು ಬೀದಿಯವರು ಇನ್ನೇನೆಂದು ಕರೆದಾರು? ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೇ ಕರೆಯತೊಡಗಿದ. ಸೂಜಿಗೆ ದಾರ ಪೋಣಿಸಿ ಪೋಣಿಸಿ ಅವಳ ಕಣ್ಣು ಸೋತಿತ್ತು. ಎದುರು ಕಟ್ಟಡದ ಮೇಲಿನ ಮಹಡಿಯಲ್ಲಿ ಯಾರು ಯಾವ ಬಟ್ಟೆ ಒಣಹಾಕಿದ್ದಾರೆಂದು ಹೇಳಬಲ್ಲವಳಿಗೆ ತನ್ನ ತಟ್ಟೆಯ ಅನ್ನದಲ್ಲಿರುವ ಕಲ್ಲು ಕಾಣುತ್ತಿರಲಿಲ್ಲ. ಕಾಜಾಗಳನ್ನು ಈಗ ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಿದ್ದಳು.

ಒಂದು ಸಂಜೆ ಸೊಸೆ ಫೋನು ಹಿಡಿದು ಬಂದು, "ಅತ್ತೆ, ಬಟಾಣಿ ಸ್ಕೂಲಲ್ಲಿ ಹೇಗೆ ಕೂತಿದಾಳೆ ನೋಡಿ" ಎಂದಳು. ಬಟಾಣಿ ಎಂದರೆ ಮೊಮ್ಮಗಳು. ಹುಟ್ಟಿದಾಗ ಅಷ್ಟೇ ಅಷ್ಟಿದ್ದಳು, ಹೆಸರು ಅಂಟಿಕೊಂಡಿತ್ತು. ಕಾಜಮ್ಮ ಫೋನನ್ನು ಹತ್ತಿರ ಹಿಡಿದಳು, ತೋಳು ಚಾಚಿ ದೂರ ಹಿಡಿದಳು, ಆಮೇಲೆ, "ಅಯ್ಯೋ, ಎಷ್ಟು ಮುದ್ದಾಗಿದಾಳೆ ನನ್ನ ಬಂಗಾರ!" ಎಂದಳು. ಅಷ್ಟರಲ್ಲಿ ಅವಳ ಹೆಬ್ಬೆರಳು ತಾಗಿ ಫೋಟೋ ಬದಲಾಗಿತ್ತು. ಅವಳು ಮುದ್ದು ಮಾಡಿದ್ದು ತರಕಾರಿ ಅಂಗಡಿಯ ಹೂಕೋಸನ್ನು. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ, ಗಂಡ ಕೆಮ್ಮು ಬರುವಷ್ಟು ನಕ್ಕ, ಬಟಾಣಿಗೆ ಏನೂ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗದೇ ಉಳಿದವಳು ಸೊಸೆ ಒಬ್ಬಳೇ.

ಅವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ತನ್ನ ಸಂಬಳದಲ್ಲೇ ಟಿವಿ ತಂದಳು. ಗೋಡೆಗೆ ಹಾಕಿಸಿ, ಸ್ಟೂಲಿನ ಮೇಲೆ ಕೂತು ರಿಮೋಟಿನಲ್ಲಿ ಏನೇನೋ ಒತ್ತಿ, ತನ್ನ ಫೋನಿಗೂ ಅದಕ್ಕೂ ನಂಟು ಹಾಕಿದಳು. ಅಕ್ಷರಗಳನ್ನು ದೊಡ್ಡದಾಗಿ ಕನ್ನಡದಲ್ಲೇ ಬರುವಂತೆ ಮಾಡಿದಳು.

"ಅತ್ತೆ, ಟಿವಿ ಹಾಕಿ ಯಾವ ಚಾನೆಲ್ಲೂ ಒತ್ತದೆ ಬಿಟ್ಬಿಡಿ. ಅದು ಸುಮ್ಮನಿದ್ದಾಗ ನಮ್ಮ ಫೋಟೋಗಳು ತಾನಾಗೇ ಬರ್ತವೆ."

"ಬೇಡ ಅಂದ್ರೆ?"

"ಬೇಡ ಅನ್ಸಿದ್ರೆ ಇಲ್ಲಿ ಬನ್ನಿ, ಈ ಮೂರು ಗೆರೆ ಒತ್ತಿ, ಕೆಳಗಿಳೀರಿ. ಇಲ್ಲಿ ನನ್ನ ಹೆಸರಿದೆಯಲ್ಲ, ಅದರ ಪಕ್ಕ 'ತೆಗೆದುಹಾಕಿ' ಅಂತಿದೆ. ನನ್ನನ್ನ ತೆಗೆದುಹಾಕ್ಬಿಡಿ, ಮುಗೀತು."

"ನಿನ್ನನ್ನ ಯಾಕೆ ತೆಗೀಲೇ, ಹುಚ್ಚಿ" ಎಂದು ಕಾಜಮ್ಮ ನಕ್ಕಿದ್ದಳು. ಗೋಡೆಯ ಮೇಲೆ ಬಟಾಣಿ ಬಾಗಿಲಿನಷ್ಟು ಅಗಲಕ್ಕೆ ಬಂದು ನಿಂತಾಗ ಅವಳ ಹುಬ್ಬಿನ ಪಕ್ಕದ ಸಣ್ಣ ಮಚ್ಚೆಯೂ ಕಂಡಿತು. ಮೊಮ್ಮಗಳಿಗೆ ಅಲ್ಲೊಂದು ಮಚ್ಚೆ ಇದೆಯೆಂದು ಅಜ್ಜಿಗೆ ಗೊತ್ತಾದದ್ದೇ ಆವತ್ತು.

ಆ ಟಿವಿಗೆ ಮನೆಯಲ್ಲಿ ಇನ್ನೊಂದು ಕೆಲಸವೂ ಇತ್ತು. ಮಗ ಫ್ರಿಜ್ ಮೆಕ್ಯಾನಿಕ್. ಊರವರ ಫ್ರಿಜ್ಜುಗಳನ್ನೆಲ್ಲ ತಣ್ಣಗೆ ಮಾಡುವವನಿಗೆ ತನ್ನ ತಲೆಯನ್ನು ತಣ್ಣಗಿಟ್ಟುಕೊಳ್ಳಲು ಬರುತ್ತಿರಲಿಲ್ಲ. ಕೋಪ ಮೂಗಿನ ಮೇಲೆ. ಹೆಂಡತಿ ಕೆಲಸದಿಂದ ಬರುವುದು ತಡವಾದರೆ ಕೋಪ, ಬೇಗ ಬಂದರೆ ಯಾಕೆ ಬೇಗ ಎಂದು ಕೋಪ. ಎರಡು ಕೋಣೆಯ ಮನೆ, ತೆಳ್ಳನೆ ಗೋಡೆ, ಎದುರು ಬಾಗಿಲಿನಲ್ಲಿ ಆಸ್ಪತ್ರೆಯ ನರ್ಸು. ಒಳಕೋಣೆಯಲ್ಲಿ ಮಗನ ದನಿ ಏರಿತೆಂದರೆ ಹೊರಕೋಣೆಯಲ್ಲಿ ಟಿವಿಯ ಸೌಂಡು ಏರುತ್ತಿತ್ತು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕೆಲವೊಮ್ಮೆ ಗಂಡ ಏರಿಸುತ್ತಿದ್ದ, ಕೆಲವೊಮ್ಮೆ ಕಾಜಮ್ಮ. ಅವನು ಇನ್ನೂ ಕಿರುಚಿದರೆ ಇವರು ಇನ್ನೂ ಏರಿಸುತ್ತಿದ್ದರು. ಜಗಳ ಮುಗಿದ ಮೇಲೆ ಸೌಂಡು ಇಳಿಯುತ್ತಿತ್ತು, ಸೊಸೆ ಬಂದು ಒಲೆ ಹಚ್ಚುತ್ತಿದ್ದಳು, ಎಲ್ಲರೂ ಊಟ ಮಾಡುತ್ತಿದ್ದರು.

ಕಾಜಮ್ಮನ ಗಂಡನನ್ನು ಬಟಾಣಿ ಲಿಫ್ಟಜ್ಜ ಎನ್ನುತ್ತಿದ್ದಳು. ಆಯುಷ್ಯವೆಲ್ಲ ದೊಡ್ಡ ಕಚೇರಿಯೊಂದರ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಗುಂಡಿ ಒತ್ತಿದವನು. ಕಾಜಮ್ಮ ಎಂದಾದರೂ, "ಮಗನಿಗೆ ಎರಡು ಮಾತು ಹೇಳ್ಬಾರ್ದಾ?" ಎಂದರೆ, "ನಾನು ಯಾವ ಮಹಡಿ ಅಂತ ಕೇಳೋನು ಕಣೇ, ಯಾಕೆ ಹೋಗ್ತೀರಿ ಅಂತ ಕೇಳಿದೋನಲ್ಲ" ಎನ್ನುತ್ತಿದ್ದ. ಅದೊಂದು ದೊಡ್ಡ ಜಾಣತನವೆಂದು ಅವನ ನಂಬಿಕೆ.

ಒಂದು ದಿನ ಟಿವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಬರುತ್ತಿತ್ತು. ಒಳಗೆ ಲಾಂಡ್ರಿಯ ಕೆಲಸ ಬಿಡು ಎಂದು ಮಗ, ಬಿಡಲ್ಲ ಎಂದು ಸೊಸೆ. ಕಾಜಮ್ಮ ರಿಮೋಟು ಒತ್ತಿದಳು. ಮತ್ತೂ ಒತ್ತಿದಳು. ಸೋಪಿನ ಹಾಡಿನ ಕೆಳಗೆ ಏನೋ ಧಡಾರೆಂದಂತಾಯಿತು, ಒಂದು ಕೂಗು ಅರ್ಧಕ್ಕೆ ನಿಂತಂತಾಯಿತು. ಬಟಾಣಿ ಬಂದು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಮಾರನೆಯ ದಿನ ಮಗ ಕೆಲಸಕ್ಕೆ ಹೋದ ಮೇಲೆ ಸೊಸೆ ಒಂದು ಚೀಲವನ್ನು ಎಡಗೈಯಲ್ಲಿ ಹಿಡಿದು ಹೊರಬಂದಳು. ಬಲಗೈಯನ್ನು ದುಪಟ್ಟಾದೊಳಗೆ ಸುತ್ತಿಕೊಂಡಿದ್ದಳು.

"ಅತ್ತೆ, ಬಟಾಣಿ ಚಪ್ಪಲಿ ಹಾಕ್ಕೊಡ್ತೀರಾ? ನಂಗೆ ಆಗ್ತಿಲ್ಲ" ಎಂದಳು.

ಕಾಜಮ್ಮ ಚಪ್ಪಲಿ ಹಾಕಿಕೊಟ್ಟಳು. ಎಲ್ಲಿಗೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ.

ತಾಯಿ ಮಗಳು ಮರಳಿ ಬರಲಿಲ್ಲ. ಅವರಿಲ್ಲದ ಮನೆ ಹೇಗಿರಬೇಕೋ ಹಾಗಿತ್ತು. ಸೊಸೆ ಫೋನ್ ನಂಬರು ಬದಲಾಯಿಸಿದ್ದಳು. ಹಳೆಯ ಲಾಂಡ್ರಿಗೂ ಹೋಗುತ್ತಿರಲಿಲ್ಲ. ಮಗ ಮೊದಲು ಎರಡು ವಾರ, "ಬಾಲ ಮುದುರ್ಕೊಂಡು ಬರ್ತಾಳೆ ನೋಡ್ತಿರು" ಎಂದ. ಆಮೇಲೆ ಏನೂ ಅನ್ನದೆ ಊಟ ಮಾಡತೊಡಗಿದ. ಕಾಜಮ್ಮ ಮಸಕುಗಣ್ಣಿನಲ್ಲಿ ಅಡುಗೆ ಮಾಡಿ, ಒಂದು ದಿನ ಬೇಳೆಗೆ ಉಪ್ಪು ಎರಡು ಸಲ ಹಾಕಿದಳು, ಒಂದು ದಿನ ಮರೆತೇಬಿಟ್ಟಳು. ಎರಡೂ ದಿನ ಗಂಡ ಉಭಶುಭ ಎನ್ನದೆ ತಿಂದ. ಎದುರು ಬಾಗಿಲಿನ ನರ್ಸು ಮೆಟ್ಟಿಲಲ್ಲಿ ಸಿಕ್ಕಿ, "ಸೊಸೆ ಕಾಣ್ತಾ ಇಲ್ವಲ್ಲ?" ಎಂದಳು.

"ತವರಿಗೆ ಹೋಗಿದಾಳೆ."

"ತವರು ಅನ್ನೋದೇ ಇಲ್ಲ ತನಗೆ ಅಂತ ನನ್ಹತ್ರ ಹೇಳಿದ್ಲಲ್ಲ."

ಕಾಜಮ್ಮ ತರಕಾರಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಮೆಟ್ಟಿಲು ಹತ್ತಿದಳು.

ಅವಳಿಗೆ ಉಳಿದಿದ್ದ ಸಮಾಧಾನವೆಂದರೆ ಮಧ್ಯಾಹ್ನದ ಟಿವಿ. ಮಗ ಕೆಲಸಕ್ಕೆ, ಗಂಡ ಆರಾಮ ಕುರ್ಚಿಯಲ್ಲಿ ನಿದ್ದೆಗೆ. ಅವಳು ಟಿವಿ ಹಾಕಿ ಸುಮ್ಮನೆ ಬಿಟ್ಟು, ಮಡಿಲಲ್ಲಿ ಅಂಗಿ ಇಟ್ಟುಕೊಂಡು ಕೂರುತ್ತಿದ್ದಳು. ಹಳೆಯ ಫೋಟೋಗಳು ಒಂದೊಂದಾಗಿ ಬರುತ್ತಿದ್ದವು. ಬಟಾಣಿ ಬಕೆಟ್ಟಿನಲ್ಲಿ ಕೂತದ್ದು, ಲಿಫ್ಟಜ್ಜನ ಕನ್ನಡಕ ಹಾಕಿಕೊಂಡದ್ದು. ಆಲ್ಬಮ್ಮಿನಲ್ಲಿ ಅಂಟಿಸಿದ ಹಾಗೆ ಫೋಟೋಗಳೆಲ್ಲ ಟಿವಿಯ ಹೊಟ್ಟೆಯೊಳಗೇ ಇವೆಯೆಂದು ಆ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಫ್ರಿಜ್ಜಿನ ಒಳಹೊರಗು ಬಲ್ಲ ಮಗನೂ ಹಾಗೇ ತಿಳಿದು, "ಇರ್ಲಿ ಬಿಡು, ಹಳೇ ಫೋಟೋ ನೋಡ್ಕೊಂಡು ಕೂತಿರ್ಲಿ" ಎಂದಿದ್ದ. ಸಂಜೆ ಬಂದವನೇ ಮ್ಯಾಚು ಹಾಕಿ, ಎದ್ದು ಹೋಗುವಾಗ ಆರಿಸಿಬಿಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಬಟಾಣಿ ಗೋಡೆಯ ತುಂಬ ನಗುತ್ತ ಬಂದಳು. ಕಾಜಮ್ಮ ತಾನೂ ನಕ್ಕಳು. ಆಮೇಲೆ ಸೂಜಿ ಹಿಡಿದ ಕೈ ಹಾಗೇ ನಿಂತಿತು. ಮುಂದಿನ ಹಲ್ಲು ಎಲ್ಲಿ?

ಈ ಮನೆಯಿಂದ ಹೊರಟಾಗ ಬಟಾಣಿಯ ಬಾಯಲ್ಲಿ ಎಲ್ಲ ಹಲ್ಲೂ ಇದ್ದವು. ಚಪ್ಪಲಿ ಹಾಕುವಾಗ ಆ ಹಲ್ಲುಗಳಲ್ಲೇ ಅವಳು ಬಿಸ್ಕತ್ತು ಕಚ್ಚುತ್ತಿದ್ದಳು. ಕಾಜಮ್ಮ ಎದ್ದು ಗೋಡೆಯವರೆಗೆ ಹೋದಳು, ಮಸಕಾಯಿತು; ಹಿಂದೆ ಹಿಂದೆ ಬಂದು ಬಾಗಿಲಿಗೆ ಬೆನ್ನು ತಾಗಿಸಿ ನಿಂತಳು. ಬಟಾಣಿಯ ಹಿಂದೆ ಹಸಿರು ಬಣ್ಣದ ಗೋಡೆ. ಇಂಥ ಗೋಡೆ ಈ ಮನೆಯಲ್ಲಿಲ್ಲ. ಅಷ್ಟರಲ್ಲಿ ಫೋಟೋ ಬದಲಾಗಿ ಬಕೆಟ್ಟಿನದು ಬಂತು.

ಸೊಸೆ ಅಲ್ಲೆಲ್ಲೋ ತೆಗೆದದ್ದು ಇಲ್ಲಿಗೆ ಬರುತ್ತಿದೆ, ಬರುತ್ತಿದೆಯೆಂದು ಅವಳಿಗೇ ನೆನಪಿಲ್ಲ. ಎಲ್ಲ ಅರ್ಥವಾದಾಗ ಕಾಜಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಗಂಡನ ಕಡೆ ತಿರುಗಿದಳು. ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಯಾರಿಗೂ ಹೇಳಕೂಡದೆಂದು ಅಲ್ಲೇ ತೀರ್ಮಾನಿಸಿದಳು.

ಅಂದಿನಿಂದ ಅವಳು ಮಧ್ಯಾಹ್ನಕ್ಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ಎಲ್ಲ ದಿನ ಹೊಸದು ಬರುತ್ತಿರಲಿಲ್ಲ. ಬಂದ ದಿನ ಅವಳ ಕೈಯಲ್ಲಿ ಕೆಲಸ ಚಕಚಕನೆ ಸಾಗುತ್ತಿತ್ತು. ಬಟಾಣಿಗೆ ಬೇರೆ ಸ್ಕೂಲು, ನೀಲಿ ಅಂಗಿ; ಅಂಗಿಯ ಒಂದು ಗುಂಡಿ ಸಡಿಲ, ನೋಡಿ ಅಜ್ಜಿಯ ಬೆರಳುಗಳು ತುರಿಸಿದವು. ಬಟಾಣಿ ಮೊಟ್ಟೆ ಸುಲಿಯುತ್ತಿರುವುದು. ಬಟಾಣಿ ಯಾವುದೋ ಬೆಕ್ಕಿನ ಜೊತೆ. ಒಂದು ದಿನ ಬಂದ ಫೋಟೋದಲ್ಲಿ ಸೊಸೆಯೂ ಇದ್ದಳು. ಬಲಗೈ ಬೆರಳಿನಿಂದ ಮೊಣಕೈವರೆಗೆ ಬಿಳಿ ಪ್ಲಾಸ್ಟರು. ಅದರ ಮೇಲೆ ಬಟಾಣಿ ಪೆನ್ನಿನಲ್ಲಿ ಹೂವು ಬರೆಯುತ್ತಿದ್ದಾಳೆ, ಅಮ್ಮ ನೋಡುತ್ತ ನಗುತ್ತಿದ್ದಾಳೆ. ಇಸ್ತ್ರಿ ಪೆಟ್ಟಿಗೆ ಹಿಡಿಯುವ ಕೈ ಅದು.

ಸೋಪಿನ ಹಾಡು ಕಾಜಮ್ಮನ ಕಿವಿಯಲ್ಲಿ ಮತ್ತೆ ಕೇಳಿತು. ಅವಳಿಗೆ ಊಟ ಸೇರಲಿಲ್ಲ. ಸಂಜೆ ಮಗ ತಟ್ಟೆಗೆ ಕೈ ಹಾಕಿದಾಗ ಅವನ ಕೈಯನ್ನೇ ನೋಡುತ್ತ ಕೂತಳು. ಚಿಕ್ಕವನಿದ್ದಾಗ ಆ ಕೈಯಲ್ಲಿ ಅವನು ಅವಳ ಗುಂಡಿಡಬ್ಬಿಯನ್ನು ಬಣ್ಣ ಬಣ್ಣ ಬೇರೆ ಮಾಡಿ ಜೋಡಿಸಿಕೊಡುತ್ತಿದ್ದ.

ಕೆಟ್ಟದ್ದು ನಡೆದದ್ದು ಒಂದು ರಾತ್ರಿ ಊಟದ ಹೊತ್ತಿಗೆ, ಲಿಫ್ಟಜ್ಜನ ನಾಲಿಗೆಯಿಂದ. ಮಗ ಆಲೂಗಡ್ಡೆ ಕಲಸುತ್ತ, ಯಾರಿಗೆ ಎಂದಿಲ್ಲದೆ, "ಬಟಾಣಿಗೆ ಆರು ತುಂಬಿರ್ಬೇಕು ಈಗ. ಹೇಗಿದಾಳೋ ಏನೋ" ಎಂದ. ದನಿ ಮೆತ್ತಗಿತ್ತು.

"ಎರಡನೇ ಹಲ್ಲೂ ಬಿತ್ತು" ಎಂದ ಮುದುಕ, ತಟ್ಟೆಯಿಂದ ತಲೆ ಎತ್ತದೆ.

ಕಾಜಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. ಹಾಗಾದರೆ ಇವನ ಗೊರಕೆ ಸುಳ್ಳು! ಇಷ್ಟು ದಿನ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ರೆಪ್ಪೆಯ ಸಂದಿನಿಂದ ಅವಳಷ್ಟೇ ನೋಡಿದ್ದಾನೆ, ಕಳ್ಳ ಮುದುಕ!

"ನಿನಗೆ ಹೇಗೆ ಗೊತ್ತು?" ಮಗ ಕೇಳಿದ.

"ಏನು?"

"ಹಲ್ಲು ಬಿದ್ದಿದ್ದು."

"ಆರು ವರ್ಷಕ್ಕೆ ಎಲ್ಲರಿಗೂ ಬೀಳಲ್ವೇನೋ" ಎಂದು ಮುದುಕ ಹೇಳಿದನೇನೋ ಸರಿ, ಆದರೆ ಅವನ ಕಣ್ಣು ಒಂದು ಸಲ ಟಿವಿಯ ಕಡೆ ಹೋಗಿ ಬಂದುಬಿಟ್ಟಿತು. ಮಗ ಅದನ್ನು ನೋಡಿದ. ಎದ್ದು ಎಂಜಲು ಕೈಯಲ್ಲೇ, ಓಡುತ್ತಿದ್ದ ಮ್ಯಾಚು ನಿಲ್ಲಿಸಿದ. ಟಿವಿ ಸುಮ್ಮನಾಯಿತು, ಫೋಟೋಗಳು ಬಂದವು.

ಅವನು ಕೂಗಾಡುತ್ತಾನೆಂದು ಕಾಜಮ್ಮ ಕಾದಳು. ಅವನು ಅತ್ತ. ಎರಡು ಹಲ್ಲಿಲ್ಲದ ಮಗಳನ್ನು ನೋಡಿ, ಕೂತಲ್ಲೇ ಕುಗ್ಗಿ, ಎಳೆಯ ಹುಡುಗನ ಹಾಗೆ ಅತ್ತ. ತಾಯಿಯ ಕರುಳು ಎಂಥದೋ, ಆ ಪ್ಲಾಸ್ಟರನ್ನು ಕಂಡಿದ್ದೂ ಅದು ಕರಗಿಬಿಟ್ಟಿತು.

ಮುಂದಿನ ಕೆಲವು ವಾರ ಅವನು ಸಂಜೆ ಬೇಗ ಬರತೊಡಗಿದ. ಮ್ಯಾಚು ಬಿಟ್ಟ. ತಟ್ಟೆ ಹಿಡಿದು ಟಿವಿಯೆದುರು ಕೂತು, "ಅಮ್ಮ, ಎಷ್ಟು ಉದ್ದ ಆಗಿದಾಳೆ ಅಲ್ವಾ?" ಎನ್ನುತ್ತಿದ್ದ. ಒಂದು ದಿನ ಮಗುವಿನ ಬೂಟು ತಂದ. "ಫೋಟೋ ನೋಡಿ ಅಂದಾಜು ಮಾಡಿದೆ. ಬಂದಾಗ ಹಾಕ್ಕೊಳ್ಳಲಿ."

"ಬರ್ತಾಳಂತೀಯಾ?"

"ಬರ್ದೇ ಏನ್ ಮಾಡ್ತಾಳೆ."

ಕಾಜಮ್ಮ ಬೂಟನ್ನು ಬೀರುವಿನಲ್ಲಿಟ್ಟಳು. ಮಗ ಸುಧಾರಿಸಿದ ಎಂದು ಗಂಡನಿಗೆ ಪಿಸುಗುಟ್ಟಿದಳು. ಅವನು, "ಹಾಗೇ ಕಾಣ್ಸುತ್ತೆ" ಎಂದ. ಆಸೆ ಅನ್ನುವುದು ಅವರಿಬ್ಬರನ್ನೂ ಕೆಲವು ದಿನ ಚೆನ್ನಾಗಿಯೇ ಆಡಿಸಿತು. ಕಾಜಮ್ಮ ಬೇಳೆಗೆ ಉಪ್ಪನ್ನು ಒಂದೇ ಸಲ ಹಾಕಿದಳು.

ಅವಳಿಗೆ ಸಂಶಯ ಬಂದದ್ದು ಅವನು ನೋಡುವ ರೀತಿಯಿಂದ. ಬಟಾಣಿಯ ಮುಖ ಬಂದಾಗ ಅವನು ತಿನ್ನುತ್ತಿದ್ದ. ಬಟಾಣಿಯ ಹಿಂದೆ ಬೀದಿ ಕಂಡಾಗ ತಿನ್ನುವುದನ್ನು ನಿಲ್ಲಿಸುತ್ತಿದ್ದ. ತನ್ನ ಫೋನು ತೆಗೆದು ಟಿವಿಯ ಫೋಟೋದ ಫೋಟೋ ಹೊಡೆದುಕೊಳ್ಳುತ್ತಿದ್ದ. ಬಸ್ಸಿನ ಹಣೆಯ ನಂಬರು, ಸ್ಕೂಲ್ ಅಂಗಿಯ ಜೇಬಿನ ಮೇಲಿನ, ಸರಿಯಾಗಿ ಓದಲಾಗದ ಗುರುತು. ಒಂದರಲ್ಲಿ ಸೊಸೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದಳು, ಕೈಗೆ ಪ್ಲಾಸ್ಟರಿರಲಿಲ್ಲ. ತಲೆಯ ಮೇಲೆ ಬೋರ್ಡಿನ ಅರ್ಧ. 'ಲಾಂಡ್ರಿ' ಎಂಬುದಷ್ಟೇ ಇತ್ತು, ಹೆಸರು ಇರಲಿಲ್ಲ. ಅದನ್ನು ಅವನು ಹಿಗ್ಗಿಸಿ ಹಿಗ್ಗಿಸಿ ನೋಡಿದ.

"ಏನೋ ಅದು?" ಕಾಜಮ್ಮ ಕೇಳಿದಳು.

"ಅವಳೇ ತನ್ನ ವಿಳಾಸ ಕೊಡ್ತಿದಾಳಮ್ಮ, ಪೆದ್ದಿ. ಆ ನಂಬರಿನ ಬಸ್ಸು ಹೋಗೋ ದಾರಿಲಿ ಲಾಂಡ್ರಿ ಸುಮಾರಿದಾವೆ. ಹೆಸರೊಂದು ಸಿಕ್ಕಿದ್ರೆ ಆಯ್ತು. ಇನ್ನೊಂದು ಫೋಟೋ ಬರ್ಲಿ."

"ಸಿಕ್ಕಿದ್ರೆ?"

"ಸಿಕ್ಕಿದ್ರೆ ಕೈ ಹಿಡಿದು ಎಳ್ಕೊಂಡು ಬರ್ತೀನಿ."

"ಯಾವ ಕೈ?"

ಮಗ ಅವಳ ಕಡೆ ತಿರುಗಿದ. ಮುಖದಲ್ಲಿ ಆ ಹಳೆಯ ನೆರಿಗೆ ಬಂದಿತ್ತು, ಸೌಂಡು ಏರಿಸಬೇಕಾಗಿ ಬರುತ್ತಿದ್ದಾಗಿನದು. "ಅದು ಅವಳೇ ಬಿದ್ದಿದ್ದು. ಗಂಡನಿಗೆ ಹೇಳ್ದೆ ಮಗು ಎತ್ಕೊಂಡು ಹೋದ್ಲಲ್ಲ, ಅದನ್ನ ಕೇಳು. ಈ ಸಲ ಬಂದ್ಮೇಲೆ ಮತ್ತೆ ಹೊಸ್ತಿಲು ದಾಟೋ ಯೋಚನೆ ಬರ್ಬಾರ್ದು, ಹಾಗೆ ಬುದ್ಧಿ ಕಲಿಸ್ತೀನಿ" ಎಂದು ತಟ್ಟೆ ಕೆಳಗಿಟ್ಟು ಕೈ ತೊಳೆಯಲು ಹೋದ.

ಕಾಜಮ್ಮನಿಗೆ ಬೀರುವಿನಲ್ಲಿದ್ದ ಬೂಟು ನೆನಪಾಯಿತು. ಅವನು ಆ ಬೂಟನ್ನು ಪ್ರೀತಿಯಿಂದಲೇ ತಂದಿದ್ದ, ಸುಳ್ಳಲ್ಲ. ಕೈ ಮುರಿಯುವುದನ್ನೂ ಅವನು ಹಾಗೇ, ತನ್ನದು ಎಂಬ ಅದೇ ಹಕ್ಕಿನಲ್ಲಿ ಮಾಡುತ್ತಾನೆ. ಇದು ಅವಳಿಗೆ ಇಷ್ಟು ತಡವಾಗಿ ಹೊಳೆದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. ಮಧ್ಯಾಹ್ನ ಅವಳು ಬಿಳಿ ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಿದ್ದಳು. ಗಂಡ ಈಗ ಗೊರಕೆಯ ನಾಟಕ ಬಿಟ್ಟು, ರಾಜಾರೋಷವಾಗಿ ಕನ್ನಡಕ ಹಾಕಿಕೊಂಡು ಕೂತಿದ್ದ. ಗೋಡೆಯ ಮೇಲೆ ಬಟಾಣಿ ಬಂದಳು. ಅಂಗಡಿಯ ಮುಂದೆ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು, ಯಜಮಾನಿಯ ಹಾಗೆ. ಅವಳ ತಲೆಯ ಮೇಲೆ ಇಡೀ ಬೋರ್ಡು. ಲಾಂಡ್ರಿಯ ಹೆಸರು, ಕೆಳಗೆ ಬೀದಿಯ ಹೆಸರು, ಅದರ ಕೆಳಗೆ ಫೋನ್ ನಂಬರು. ದೂರದ್ದು ಕಾಣುವ ಕಾಜಮ್ಮನ ಕಣ್ಣು ಒಂದಕ್ಷರ ಬಿಡದೆ ಓದಿತು.

ಅವಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು.

"ಸಂಜೆ ಅವನು ಬರ್ತಾನೆ" ಎಂದ ಮುದುಕ.

"ಹೂಂ."

"ಈ ಫೋಟೋ ಒಂದನ್ನೇ ತೆಗೆಯೋಕೆ ಬರಲ್ವಾ?"

"ಒಂದನ್ನ ತೆಗೆಯೋದು ನಂಗೆ ಗೊತ್ತಿಲ್ಲ. ಗೊತ್ತಿದ್ರೂ ನಾಳೆ ಇನ್ನೊಂದು ಬರುತ್ತೆ. ಅವಳನ್ನೇ ತೆಗೀಬೇಕು."

"ತೆಗೆದ್ರೆ ಮತ್ತೆ ಬರಲ್ಲ ಕಣೇ. ಮತ್ತೆ ಸೇರಿಸ್ಬೇಕಾದ್ರೆ ಅವಳ ಪಾಸ್‌ವರ್ಡ್ ಬೇಕು, ಅದು ನಮ್ಮ ಹತ್ರ ಎಲ್ಲಿದೆ? ನಮಗೆ ಇರೋದು ಇದೊಂದೇ." ಮುದುಕ ಕುರ್ಚಿಯ ಅಂಚಿಗೆ ಸರಿದ. "ಅವನಿಗೆ ನಾನೇ ಹೇಳ್ತೀನಿ ಬೇಕಾದ್ರೆ. ಕೂರಿಸ್ಕೊಂಡು ಹೇಳ್ತೀನಿ."

"ಇಷ್ಟು ವರ್ಷ ಹೇಳಿದ್ರಾ?"

ಮುದುಕ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ. ಒರೆಸುವಂಥದೇನೂ ಅದರ ಮೇಲಿರಲಿಲ್ಲ. ಕಾಜಮ್ಮ ರಿಮೋಟು ಎತ್ತಿಕೊಂಡಳು.

"ತಡಿಯೇ" ಎಂದ ಅವನು. "ಇನ್ನೊಂದು ಸುತ್ತು ಬರ್ಲಿ. ಎಲ್ಲ ಒಂದು ಸಲ ಬಂದು ಹೋಗ್ಲಿ."

ಅದಕ್ಕೆ ಅವಳು ಬೇಡವೆನ್ನಲಿಲ್ಲ. ಮುದುಕ ಮುದುಕಿ ಒತ್ತಿಕೊಂಡು ಕೂತು ನೋಡಿದರು. ಬಕೆಟ್ಟು, ಕನ್ನಡಕ, ಹಸಿರು ಗೋಡೆ, ನೀಲಿ ಅಂಗಿ, ಮೊಟ್ಟೆ, ಬೆಕ್ಕು, ಪ್ಲಾಸ್ಟರಿನ ಮೇಲಿನ ಹೂವು. ಎಲ್ಲೋ ನಡುವೆ ಹೂಕೋಸೂ ಬಂತು. ಹೂಕೋಸು ಬಂದಾಗ ಕಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬಟಾಣಿ ಮತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಾಗ ಅವಳು ಮೂರು ಗೆರೆ ಒತ್ತಿದಳು, ಕೆಳಗಿಳಿದಳು. ಸೊಸೆಯ ಹೆಸರು, ಪಕ್ಕದಲ್ಲಿ 'ತೆಗೆದುಹಾಕಿ'. ಒತ್ತಿದಳು. ಖಚಿತವೇ ಎಂದು ಟಿವಿ ಕೇಳಿತು. ಈ ಮನೆಯಲ್ಲಿ ಅವಳನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಹೌದು ಎಂಬುದನ್ನು ಒತ್ತಿದಳು.

ಸಂಜೆ ಮಗ ಸ್ಪ್ಯಾನರಿನ ಚೀಲ ಮೂಲೆಗಿಟ್ಟು, ತಟ್ಟೆ ತೆಗೆದುಕೊಂಡು ಬಂದು ಕೂತ. ಟಿವಿಯಲ್ಲಿ ಹಿಮದ ಬೆಟ್ಟ ಬಂತು. ಆಮೇಲೆ ಯಾವುದೋ ಕೆರೆ, ಯಾವುದೋ ಸೇತುವೆ. ಎಲ್ಲಿಯದೋ ಏನೋ, ಒಬ್ಬ ಮನುಷ್ಯನೂ ಇಲ್ಲದ ಜಾಗಗಳು.

"ಇದೇನಿದು? ಫೋಟೋ ಎಲ್ಲಿ?"

"ತೆಗೆದೆ" ಎಂದಳು ಕಾಜಮ್ಮ.

"ಏನ್ ತೆಗೆದೆ?"

"ಅವಳನ್ನ. ತೆಗೆದುಹಾಕಿದೆ."

"ನಿಂಗೆಲ್ಲಿ ಬರುತ್ತೆ ಅದೆಲ್ಲ!"

"ಅವಳೇ ಹೇಳಿಕೊಟ್ಟಿದ್ಲು."

ಅವನು ರಿಮೋಟು ಕಸಿದು ಒತ್ತಿದ, ಮತ್ತೆ ಒತ್ತಿದ. ಟಿವಿ ಪಾಸ್‌ವರ್ಡ್ ಕೇಳಿತು. ರಿಮೋಟನ್ನು ಅಪ್ಪನ ಮಡಿಲಿಗೆ ಎಸೆದ. "ಇವತ್ತು ಹೊಸದು ಬಂದಿತ್ತಾ? ಬೋರ್ಡು ಕಾಣ್ತಾ? ಹೇಳಮ್ಮ, ಏನು ಬರೆದಿತ್ತು?"

"ನಂಗೆಲ್ಲಪ್ಪ ಕಣ್ಣು ಕಾಣುತ್ತೆ" ಎಂದಳು ಅವಳು.

ಅವನು ಅಪ್ಪನ ಕಡೆ ತಿರುಗಿದ. "ನೀನು ನೋಡಿದ್ಯಾ?"

ಲಿಫ್ಟಜ್ಜ ಒಂದು ಸಲ ಹೆಂಡತಿಯ ಮುಖ ನೋಡಿದ. "ನಾನು ಮಲಗಿದ್ದೆ" ಎಂದ.

ಆಮೇಲೆ ಮಗನ ಬಾಯಿ ಹರಿಯಿತು. ನನ್ನ ಮಗಳನ್ನು ನನ್ನಿಂದ ಕಿತ್ತುಕೊಂಡಿರಿ, ಈ ಮನೆಯಲ್ಲಿ ಹೆತ್ತವಳೇ ಶತ್ರು, ಎಲ್ಲರೂ ಸೇರಿ ನನ್ನನ್ನು ಮುಗಿಸುತ್ತಿದ್ದೀರಿ ಎಂದು ಕೂಗಿದ. ತಟ್ಟೆಯನ್ನು ಒದ್ದ. ಅನ್ನ ಗೋಡೆಗೆ ಹಾರಿತು. ಮುದುಕನ ಹೆಬ್ಬೆರಳು, ಪಾಪ, ತನಗೇ ತಿಳಿಯದೆ ರಿಮೋಟಿನ ಮೇಲೆ ಹೋಯಿತು. ಯಾವುದೋ ಚಾನೆಲ್ಲು ಹತ್ತಿಕೊಂಡು ಟಿವಿ ಬೊಬ್ಬೆಯಿಡತೊಡಗಿತು. ಕಾಜಮ್ಮ ಅವನ ಕೈಯಿಂದ ರಿಮೋಟು ತೆಗೆದುಕೊಂಡು ಟಿವಿ ಆರಿಸಿದಳು. ಹೋಗಿ ಹೊರಬಾಗಿಲು ತೆರೆದಿಟ್ಟಳು.

"ಈಗ ಕೂಗು" ಎಂದಳು.

ಮಗ ಕೂಗಿದ. ಟಿವಿಯಿಲ್ಲದ ಮನೆಯಲ್ಲಿ ಆ ದನಿ ಎಷ್ಟು ಜೋರು ಎಂಬುದು ಅವನಿಗೂ ಆವತ್ತೇ ಕೇಳಿಸಿರಬೇಕು. ತಾಯಿಯ ಮೇಲೆ ಎತ್ತಿದ ಕೈ ಎತ್ತಿದಲ್ಲೇ ಇತ್ತು. ಎದುರು ಬಾಗಿಲು ತೆರೆದು ನರ್ಸು ಹೊರಬಂದು, ಎರಡೂ ಕೈ ಕಟ್ಟಿಕೊಂಡು ನಿಂತಳು. ಮೇಲಿನ ಮಹಡಿಯಿಂದ ಯಾರೋ ಇಳಿದು ಬಂದು ಮೆಟ್ಟಿಲ ನಡುವೆ ನಿಂತರು. ಅವನ ಕೈ ಇಳಿಯಿತು. "ಬಾಗಿಲು ಹಾಕು" ಎಂದ ಮೆಲ್ಲಗೆ, ಹಲ್ಲು ಕಚ್ಚಿ.

"ಗಾಳಿ ಬರ್ಲಿ" ಎಂದಳು ಕಾಜಮ್ಮ.

ಅವನು ಒಳಕೋಣೆಗೆ ಹೋಗಿ ಮಲಗಿದ. ಮುದುಕ ನೆಲಕ್ಕೆ ಬಗ್ಗಿ ಅನ್ನದ ಅಗುಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಕಾಜಮ್ಮ ಬಿಳಿ ಅಂಗಿಯನ್ನು ಮಡಿಲಿಗೆ ಎಳೆದುಕೊಂಡು, ಅರ್ಧಕ್ಕೆ ನಿಂತಿದ್ದ ಕಾಜಾವನ್ನು ಬೆರಳಿನಲ್ಲಿ ತಡವಿ ಹುಡುಕಿದಳು. ಲಾಂಡ್ರಿಯ ಹೆಸರು, ಬೀದಿಯ ಹೆಸರು, ನಂಬರು, ಎಲ್ಲ ಅವಳ ತಲೆಯಲ್ಲಿತ್ತು. ಅಲ್ಲಿಗೆ ಅವಳು ಹೋಗುವಂತಿರಲಿಲ್ಲ, ಫೋನು ಮಾಡುವಂತಿರಲಿಲ್ಲ. ಅವಳ ಬೆನ್ನ ಹಿಂದೆ ಮಗನೂ ಬಂದಾನು, ಒತ್ತಿದ ನಂಬರು ಅವನ ಕಣ್ಣಿಗೆ ಬಿದ್ದೀತು. ಸಡಿಲವಾಗಿದ್ದ ಆ ನೀಲಿ ಅಂಗಿಯ ಗುಂಡಿ ಬಿದ್ದೇಹೋಗುತ್ತದೆ. ಬಟಾಣಿಗೆ ಹೊಸ ಹಲ್ಲು ಬರುತ್ತದೆ. ಬಂದದ್ದು ಈ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ.